ಮುಂದಿನ ಕೆಲಸ ಗೊತ್ತಿಲ್ಲದೆ ರಾಜೀನಾಮೆ ಕೊಡುವವರು ಮೊದಲು ಮುಗಿಸಬೇಕಾದ ಕೆಲಸಗಳು

ಮುಂದೇನು ಎಂದು ತಿಳಿಯದೆ ಕೆಲಸ ಬಿಡುವುದು ಬೇರೆ, ಸಿದ್ಧತೆಯಿಲ್ಲದೆ ಬಿಡುವುದು ಬೇರೆ. 2017ರಲ್ಲಿ ನಾನು ಮೊದಲನೆಯದನ್ನು ತಿಳಿದೇ ಮಾಡಿದೆ, ಎರಡನೆಯದನ್ನು ಅರ್ಧಂಬರ್ಧ ಮಾಡಿ ಅದಕ್ಕೆ ದಂಡವನ್ನೂ ತೆತ್ತೆ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ರೈಲು ಹಿಡಿದು, ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ ಪಶ್ಚಿಮ ಮಾರ್ಗದ ಗಾಡಿಗೆ ನುಗ್ಗಿ ಲೋವರ್ ಪರೇಲ್ ಸೇರುವ ದಿನಚರಿಯನ್ನು ಒಂಬತ್ತು ವರ್ಷ ನಡೆಸಿದ ಮೇಲೆ, ಇನ್ನು ಸಾಧ್ಯವಿಲ್ಲ ಎನ್ನಿಸಿದ ಒಂದು ಏಪ್ರಿಲ್ ತಿಂಗಳಲ್ಲಿ ಪತ್ರ ಕೊಟ್ಟೆ. ಮುಂಬೈಯಲ್ಲಿರುವ ನಮ್ಮ ಕನ್ನಡಿಗರು, ಅದರಲ್ಲೂ ಊರಿಗೆ ಪ್ರತಿ ತಿಂಗಳು ಹಣ ಕಳಿಸುವ ಮನೆಗಳವರು, ಈ ವಿಷಯವನ್ನು ಗಟ್ಟಿಯಾಗಿ ಮಾತಾಡುವುದಿಲ್ಲ. ಉಣ್ಣುವ ತಟ್ಟೆಯನ್ನು ಒದೆಯುವವನು ಎಂಬ ಮಾತು ಬಂದೀತು ಎಂಬ ಅಂಜಿಕೆ ಅದಕ್ಕೆ ಕಾರಣ. ಹೀಗೆ ಮಾತಾಡದೆ ಇರುವುದರಿಂದಲೇ ಒಬ್ಬರು ಮಾಡಿದ ತಪ್ಪನ್ನು ಮತ್ತೊಬ್ಬರು ಮೊದಲಿನಿಂದ ಮಾಡುತ್ತಾರೆ.

ಬಿಡಬೇಕೇ ಬೇಡವೇ ಎಂಬುದು ನಿಮ್ಮ ತೀರ್ಮಾನ. ಬಿಡುವುದೇ ಆದರೆ ಯಾವುದನ್ನು ಯಾವಾಗ ಮಾಡಬೇಕು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅನುಭವದಲ್ಲಿ ಈ ಕ್ರಮವೇ ಮುಖ್ಯ, ಏಕೆಂದರೆ ಮಾಡಬೇಕಾದ ಕೆಲಸಗಳಲ್ಲಿ ಮುಕ್ಕಾಲು ಪಾಲು ರಾಜೀನಾಮೆ ಪತ್ರಕ್ಕೆ ಮೊದಲೇ ಬರುತ್ತವೆ. ಪತ್ರ ಕೊಟ್ಟ ಮೇಲೆ ಅವುಗಳಲ್ಲಿ ಕೆಲವು ದುಬಾರಿಯಾಗುತ್ತವೆ, ಕೆಲವು ಸಾಧ್ಯವೇ ಆಗುವುದಿಲ್ಲ.

ಒಂದು ಹಾಳೆಯ ಲೆಕ್ಕ

"ಆರು ತಿಂಗಳ ಖರ್ಚು ಕೈಯಲ್ಲಿರಲಿ" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಯಾವ ಖರ್ಚು ಎಂದು ಯಾರೂ ಹೇಳುವುದಿಲ್ಲ. ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಯುಪಿಐ ಪಟ್ಟಿಯನ್ನು ತೆರೆದು, ಗಂಡ ಹೆಂಡತಿ ಇಬ್ಬರೂ ಕುಳಿತು, ಪ್ರತಿ ಸಾಲನ್ನೂ ಓದಬೇಕು. ನನ್ನ ಅಂದಿನ ಹಾಳೆಯನ್ನು ಈಗಿನ ದರಕ್ಕೆ ಹೊಂದಿಸಿದರೆ ಅದು ಹೀಗಿರುತ್ತದೆ: ಬಾಡಿಗೆ 18,000 ರೂಪಾಯಿ, ಸಾಲದ ಕಂತು 9,000, ದಿನಸಿ, ಹಾಲು ಮತ್ತು ಗ್ಯಾಸ್ 14,000, ಊರಿಗೆ ಕಳಿಸುವುದು 8,000, ಮಗಳ ಶಾಲೆ 6,500, ವಿದ್ಯುತ್ತು ಮತ್ತು ಫೋನು 3,500, ಆರೋಗ್ಯ ವಿಮೆ 2,500, ಓಡಾಟ 1,500. ಒಟ್ಟು 63,000.

ಇಲ್ಲಿಗೇ ನಿಲ್ಲಿಸಿದರೆ ಲೆಕ್ಕ ಸುಳ್ಳಾಗುತ್ತದೆ. ವರ್ಷಕ್ಕೊಮ್ಮೆ ಬರುವ ಖರ್ಚುಗಳು ತಿಂಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಜೂನ್‌ನಲ್ಲಿ ಶಾಲೆಯ ಪುಸ್ತಕ ಮತ್ತು ಸಮವಸ್ತ್ರ, ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹಿಡಿದು ಊರಿಗೆ ಹೋಗಿಬರುವ ಖರ್ಚು, ಜೀವವಿಮೆಯ ಕಂತು, ಮದುವೆ ಮುಂಜಿಗಳ ಉಡುಗೊರೆ ಇವೆಲ್ಲ ಸೇರಿ ನಮ್ಮಲ್ಲಿ 75,000 ಆಗುತ್ತಿತ್ತು, ಅಂದರೆ ತಿಂಗಳಿಗೆ 6,250. ನಿಜವಾದ ತಿಂಗಳ ಖರ್ಚು 69,250.

ಇನ್ನು ಹಣದ ಕಡೆ. ಉಳಿತಾಯ ಖಾತೆ, ಎಫ್‌ಡಿ ಮತ್ತು ಬೇಕಾದಾಗ ತೆಗೆಯಬಹುದಾದ ಮ್ಯೂಚುವಲ್ ಫಂಡ್ ಸೇರಿ 5,50,000 ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದು ಲಕ್ಷವನ್ನು ಆಸ್ಪತ್ರೆಗೆಂದು ಪ್ರತ್ಯೇಕ ಖಾತೆಗೆ ಹಾಕಿ, ಲೆಕ್ಕದಿಂದಲೇ ಅಳಿಸಿಬಿಡಿ. ಉಳಿದ 4,50,000ವನ್ನು 69,250ರಿಂದ ಭಾಗಿಸಿದರೆ ಆರೂವರೆ ತಿಂಗಳು ಬರುತ್ತದೆ. ಪಿಎಫ್, ಗ್ರಾಚ್ಯುಟಿ (ದೀರ್ಘ ಸೇವೆಗಾಗಿ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು), ಮನೆಯೊಡೆಯರ ಬಳಿ ಇರುವ ಡಿಪಾಸಿಟ್ಟು, ಮಡದಿಯ ಚಿನ್ನ ಇವು ಯಾವುವನ್ನೂ ಈ ಲೆಕ್ಕಕ್ಕೆ ತರಬಾರದು. ಬರಬೇಕಾದ ಬಾಕಿ ಯಾವ ತಿಂಗಳು ಕೈಗೆ ಸಿಗುತ್ತದೆ ಎಂದು ನಂಬಿ ಕೂರುವಂತಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಹೀಗೆ ಬಂದ ಸಂಖ್ಯೆ ನಾಲ್ಕಕ್ಕಿಂತ ಕಡಿಮೆಯಿದ್ದು, ಮನೆಯಲ್ಲಿ ಮತ್ತೊಂದು ಸಂಬಳವೂ ಇಲ್ಲದಿದ್ದರೆ, ಪತ್ರವನ್ನು ಆರು ತಿಂಗಳು ಮುಂದೂಡಿ ಆ ಅವಧಿಯಲ್ಲಿ ಉಳಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಕಟ್ಟಿದವರು ಈ ಊರಿನ ಬಾಡಿಗೆಯನ್ನು ಕಂಡವರೂ ಅಲ್ಲ. ಇದಕ್ಕೆ ಒಂದು ಅಪವಾದವಿದೆ: ಕಚೇರಿಯಲ್ಲಿ ಕಿರುಕುಳವಾಗುತ್ತಿದ್ದರೆ ಅಥವಾ ದೇಹ ಕೈಕೊಡುತ್ತಿದ್ದರೆ ಲೆಕ್ಕಕ್ಕಾಗಿ ಕಾಯಬೇಡಿ. ಲೈಂಗಿಕ ಕಿರುಕುಳಕ್ಕೆ ಒಳಗಾದ ಮಹಿಳೆಯರು 2013ರ ಕಾಯ್ದೆಯ ಅಡಿಯಲ್ಲಿ ಘಟನೆ ನಡೆದ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬಹುದು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ.

ಸಂಬಳದ ಚೀಟಿಗೆ ಜೀವ ಇರುವಾಗಲೇ

ಎಲ್ಲಕ್ಕಿಂತ ಮೊದಲು ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನದೊಂದಿಗೇ ಮುಗಿಯುತ್ತದೆ. ಸ್ವಂತ ಪಾಲಿಸಿ ಕೊಂಡರೆ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ರಕ್ಷಣೆ ಇರುವುದಿಲ್ಲ. ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹಿಂದೆ ಈ ಮಿತಿ ನಾಲ್ಕು ವರ್ಷವಿತ್ತು, 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು ಮೂರಕ್ಕೆ ಇಳಿಸಿತು. ಆದ್ದರಿಂದ ಪತ್ರ ಕೊಡುವುದಕ್ಕೆ ಎರಡು ತಿಂಗಳು ಮೊದಲೇ ಸ್ವಂತ ಪಾಲಿಸಿ ಕೈಯಲ್ಲಿರಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ, ಹಿಂದೆ ಶೇ. 18 ಕಟ್ಟುತ್ತಿದ್ದೆವು.

ನಾನು ಎಡವಿದ್ದು ಇಲ್ಲಿಯೇ. ತಂದೆಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಕಂಪನಿಯ ವಿಮೆಯಲ್ಲಿ ನೋಟಿಸ್ ಅವಧಿಯೊಳಗೆ ಮಾಡಿಸಿದ ಜಾಣತನ ನನಗಿತ್ತು. ನನಗೇ ಪಾಲಿಸಿ ಬೇಕು ಎಂಬುದು ಮಾತ್ರ ನೆನಪಾದದ್ದು ಕೆಲಸ ಬಿಟ್ಟ ಎರಡು ವಾರದ ನಂತರ, ಆಗಸ್ಟ್ 14ರಂದು. ಆಗಸ್ಟ್ 29ರಂದು ಮುಂಬೈಯಲ್ಲಿ ಮಳೆ ಸುರಿದು ಪರೇಲ್ ಕಡೆಯೆಲ್ಲ ನೀರು ತುಂಬಿತು, ಲೋಕಲ್‌ಗಳು ನಿಂತವು. ನನ್ನ ಹಳೆಯ ಸಹೋದ್ಯೋಗಿಗಳು ಕಚೇರಿಯ ನೆಲದಲ್ಲೇ ರಾತ್ರಿ ಕಳೆಯುತ್ತಾ ಫೋಟೊ ಕಳಿಸುತ್ತಿದ್ದಾಗ ನಾನು ಮನೆಯಲ್ಲಿ ಚಹಾ ಕುಡಿಯುತ್ತಾ, ಸದ್ಯ ಬಿಟ್ಟು ಬಂದೆ ಎಂದುಕೊಂಡೆ. ಒಂದು ವಾರ ಕಳೆದ ಮೇಲೆ ನನಗೆ ಡೆಂಗಿ ಬಂತು. ಪಾಲಿಸಿಗೆ ಇನ್ನೂ 30 ದಿನ ತುಂಬಿರಲಿಲ್ಲ. ನಾಲ್ಕು ದಿನದ ಆಸ್ಪತ್ರೆ ಬಿಲ್ಲು 46,000 ರೂಪಾಯಿಯನ್ನು ಕೈಯಿಂದಲೇ ಕಟ್ಟಿದೆ. ಒಂದು ಲಕ್ಷವನ್ನು ಪ್ರತ್ಯೇಕ ಇಡಿ ಎಂದು ಮೇಲೆ ಹೇಳಿದ್ದು ಈ ಕಾರಣಕ್ಕೆ.

ಮಧುಮೇಹವೋ ರಕ್ತದೊತ್ತಡವೋ ಇರುವ ತಂದೆ ತಾಯಿ ಕಂಪನಿಯ ವಿಮೆಯಲ್ಲಿದ್ದರೆ, ಹೊಸ ಪಾಲಿಸಿ ಹುಡುಕುವ ಮುನ್ನ, ಗುಂಪು ವಿಮೆಯಿಂದ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಬರುತ್ತದೆಯೇ ಎಂದು ವಿಮಾ ಸಂಸ್ಥೆಯನ್ನು ಲಿಖಿತವಾಗಿ ಕೇಳಿ. ಹೀಗೆ ಬದಲಾದರೆ ಈಗಾಗಲೇ ಕಳೆದ ಕಾಯುವ ಅವಧಿ ವ್ಯರ್ಥವಾಗುವುದಿಲ್ಲ. ಈ ಅರ್ಜಿಯನ್ನು ಕೊನೆಯ ದಿನದ ನಂತರ ಹಾಕಿದರೆ ಕೇಳುವವರಿರುವುದಿಲ್ಲ.

ಎರಡನೆಯದು ಮನೆ. ಇಲ್ಲಿನ ಬಾಡಿಗೆ ಒಪ್ಪಂದಗಳು ಹೆಚ್ಚಾಗಿ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ರೂಪದಲ್ಲಿರುತ್ತವೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಅವು ಲಿಖಿತವಾಗಿರಬೇಕು, ನೋಂದಣಿಯೂ ಆಗಬೇಕು. ನಿಮ್ಮ ಒಪ್ಪಂದ ಯಾವ ತಿಂಗಳು ಮುಗಿಯುತ್ತದೆ ಎಂದು ಈಗಲೇ ನೋಡಿ. ಸಂಬಳವಿಲ್ಲದ ತಿಂಗಳುಗಳಲ್ಲಿ ಮುಗಿಯುವಂತಿದ್ದರೆ ಮೊದಲೇ ನವೀಕರಿಸಿ, ಏಕೆಂದರೆ ಸೊಸೈಟಿಯ ಸಮಿತಿಯಾಗಲಿ ಹೊಸ ಮನೆಯೊಡೆಯರಾಗಲಿ "ಎಲ್ಲಿ ಕೆಲಸ" ಎಂದು ಕೇಳುವುದು ಹೆಸರು ಕೇಳುವುದಕ್ಕೂ ಮೊದಲು. ಒಪ್ಪಂದದಲ್ಲಿ ಲಾಕ್-ಇನ್ ಅವಧಿ, ಅಂದರೆ ಮನೆ ಬಿಡುವಂತಿಲ್ಲದ ಅವಧಿ, ಎಷ್ಟು ಎಂಬುದನ್ನೂ ಓದಿಕೊಳ್ಳಿ. ಬಾಡಿಗೆ ಉಳಿಸಲು ಬದ್ಲಾಪುರಕ್ಕೋ ವಿರಾರ್‌ಗೋ ಮನೆ ಬದಲಿಸುವ ಆಲೋಚನೆ ಎಲ್ಲರಿಗೂ ಬರುತ್ತದೆ. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಟೆಂಪೊ, ಹೊಸ ಡಿಪಾಸಿಟ್ಟು, ನೋಂದಣಿ ಎಲ್ಲ ಕೂಡಿಸಿ ನೋಡಿದರೆ ಆರೇಳು ತಿಂಗಳ ಅಂತರಕ್ಕೆ ಅದು ಗಿಟ್ಟುವುದಿಲ್ಲ.

ಸಾಲದ ವಿಷಯದಲ್ಲಿ ನನ್ನ ಮಾತು ಚಿಕ್ಕದು. ಸಣ್ಣ ಸಾಲಗಳನ್ನು, ಅದರಲ್ಲೂ ಕ್ರೆಡಿಟ್ ಕಾರ್ಡಿನ ಬಾಕಿಯನ್ನು, ತೀರಿಸಿಯೇ ಪತ್ರ ಕೊಡಿ. ಗೃಹಸಾಲದ ಕಂತು ಭಾರವೆನಿಸಿದರೆ ಅವಧಿ ಹಿಗ್ಗಿಸಿ ಕಂತು ಇಳಿಸುವ ಬಗ್ಗೆ ಬ್ಯಾಂಕಿನೊಂದಿಗೆ ಸಂಬಳ ಬರುತ್ತಿರುವಾಗಲೇ ಮಾತಾಡಿ, ಏಕೆಂದರೆ ಒಂದೇ ಒಂದು ಕಂತು ತಪ್ಪಿದರೂ ಸಾಲ ತೀರಿಸುವ ಶಿಸ್ತನ್ನು ಅಳೆಯುವ ಸಿಬಿಲ್ ಅಂಕದ ಮೇಲೆ ಕಲೆ ಉಳಿಯುತ್ತದೆ. ಸಂಬಳದ ಖಾತೆ ಕೆಲವು ತಿಂಗಳ ನಂತರ ಸಾಮಾನ್ಯ ಖಾತೆಯಾಗಿ, ಕನಿಷ್ಠ ಬಾಕಿಯ ದಂಡ ಬೀಳಲು ತೊಡಗಬಹುದು. ಕಂತುಗಳೆಲ್ಲ ಆ ಖಾತೆಯಿಂದಲೇ ಹೋಗುತ್ತಿದ್ದರೆ ಇದನ್ನು ಮರೆಯುವುದು ಸುಲಭ.

ಮೂರನೆಯದು ಗ್ರಾಚ್ಯುಟಿಯ ತಾರೀಖು. ಖಾಯಂ ನೌಕರರಿಗೆ ಐದು ವರ್ಷದ ಸತತ ಸೇವೆ ಬೇಕು. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಿದರೆ ಮೊತ್ತ ಸಿಗುತ್ತದೆ. ಮೂಲವೇತನ 40,000 ಇದ್ದು ಆರು ವರ್ಷ ದುಡಿದವರಿಗೆ ಇದು ಸುಮಾರು 1,38,000 ರೂಪಾಯಿ. ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಗೆಳೆಯನೊಬ್ಬ ನಾಲ್ಕು ವರ್ಷ ಐದು ತಿಂಗಳಿಗೆ ಬಿಟ್ಟು ಬಂದ. ಏಳು ತಿಂಗಳು ಹಲ್ಲು ಕಚ್ಚಿದ್ದರೆ ಸಿಗಬಹುದಾಗಿದ್ದ ಲಕ್ಷಕ್ಕೂ ಮೀರಿದ ಹಣ ಹೋಯಿತು ಎಂಬುದು ಅವನಿಗೆ ತಿಳಿದದ್ದು ಕೊನೆಯ ಲೆಕ್ಕದ ಹಾಳೆ ಕೈಗೆ ಬಂದಾಗ. ಐದನೆಯ ವರ್ಷದಲ್ಲಿ 240 ದಿನ ಮುಗಿದರೆ ಸಾಕು ಎಂಬ ಅರ್ಥವನ್ನು ಮದ್ರಾಸ್ ಹೈಕೋರ್ಟ್ ಒಪ್ಪಿದೆ, ಆದರೆ ಅದನ್ನು ಹಿಡಿದು ಕಂಪನಿಯೊಂದಿಗೆ ಜಗಳಕ್ಕೆ ನಿಲ್ಲುವುದಕ್ಕಿಂತ ಐದು ವರ್ಷ ತುಂಬಿಸಿ ಬರುವುದು ಲೇಸು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನಿಗದಿತ ಅವಧಿಯ ಗುತ್ತಿಗೆಯ ಮೇಲೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕು ಬರುತ್ತದೆ.

ಇನ್ನು ಕಾಗದಪತ್ರ. ನೇಮಕಾತಿ ಪತ್ರ, ಸಂಬಳ ಏರಿಕೆಯ ಪತ್ರಗಳು, ಕಳೆದ ಒಂದು ವರ್ಷದ ಸಂಬಳ ಚೀಟಿಗಳು, ಸಂಬಳದಲ್ಲಿ ಮುರಿದ ತೆರಿಗೆಯ (ಟಿಡಿಎಸ್) ಪ್ರಮಾಣಪತ್ರ, ಅಂದರೆ ನಾವೆಲ್ಲ ಫಾರ್ಮ್ 16 ಎಂದು ಕರೆಯುತ್ತಾ ಬಂದದ್ದು, ಇವೆಲ್ಲವನ್ನೂ ನಿಮ್ಮ ಸ್ವಂತ ಇಮೇಲ್‌ನಲ್ಲಿ ಇಟ್ಟುಕೊಳ್ಳಿ. ಕಚೇರಿಯ ಲಾಗಿನ್ ಕೊನೆಯ ದಿನ ಸಂಜೆ ಆರಕ್ಕೆ ಮುಚ್ಚಿಹೋದರೆ ಸಂಬಳ ಚೀಟಿಗಳೂ ಅದರೊಳಗೇ ಉಳಿಯುತ್ತವೆ. ಕಂಪನಿಯ ಕಡತಗಳನ್ನು ಮಾತ್ರ ಮುಟ್ಟಬೇಡಿ. ಗ್ರಾಹಕರ ಪಟ್ಟಿಯೊಂದನ್ನು ಸ್ವಂತ ಇಮೇಲಿಗೆ ಕಳಿಸಿಕೊಂಡದ್ದು ಮುಂದೆ ದೊಡ್ಡ ತಕರಾರಿಗೆ ಬೀಜವಾಗುತ್ತದೆ. ಪಿಎಫ್ ಪೋರ್ಟಲ್‌ಗೆ ಹೋಗಿ, ಪಿಎಫ್ ಸದಸ್ಯರ ಗುರುತಿನ ಸಂಖ್ಯೆಯಾದ ಯುಎಎನ್‌ಗೆ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಸೇರಿವೆಯೇ, ಹೆಸರಿನ ಕಾಗುಣಿತ ಮೂರರಲ್ಲೂ ಒಂದೇ ಇದೆಯೇ ಎಂದು ನೋಡಿ. ನಮ್ಮ ಹೆಸರುಗಳ ಮುಂದಿನ ಇನಿಷಿಯಲ್‌ಗಳನ್ನು ಇಲ್ಲಿನ ಗುಮಾಸ್ತರು ಒಂದು ಕಡೆ ಬಿಡಿಸಿ ಬರೆದು, ಒಂದು ಕಡೆ ಹಾಗೇ ಬಿಟ್ಟು, ಮತ್ತೊಂದು ಕಡೆ ಊರ ಹೆಸರನ್ನೇ ಅಡ್ಡಹೆಸರು ಮಾಡಿರುತ್ತಾರೆ. ಇದನ್ನು ತಿದ್ದಿಸಲು ಕಂಪನಿಯ ಒಪ್ಪಿಗೆ ಬೇಕಾದರೆ, ಕೆಲಸದಲ್ಲಿ ಇರುವಾಗ ಒಂದು ವಾರದಲ್ಲಿ ಆಗುವುದು ಬಿಟ್ಟ ಮೇಲೆ ಮೂರು ತಿಂಗಳು ಹಿಡಿಯುತ್ತದೆ.

ಪತ್ರ, ನೋಟಿಸು, ಬಾಂಡು

ಪತ್ರ ನಾಲ್ಕು ಸಾಲು ಇದ್ದರೆ ಸಾಕು. ರಾಜೀನಾಮೆ ನೀಡುತ್ತಿದ್ದೇನೆ, ಇಂದಿನ ತಾರೀಖು ಇದು, ನೇಮಕಾತಿ ಪತ್ರದ ನೋಟಿಸ್ ಅವಧಿಯ ಪ್ರಕಾರ ಕೊನೆಯ ಕೆಲಸದ ದಿನ ಇದು, ಸ್ವೀಕೃತಿಯನ್ನು ಲಿಖಿತವಾಗಿ ತಿಳಿಸಿ. ಕಾರಣ ಬರೆಯಬೇಕಾಗಿಲ್ಲ, ದೂರುಗಳನ್ನಂತೂ ಬರೆಯಲೇಬಾರದು. ಮೂರು ವರ್ಷದ ಸಿಟ್ಟನ್ನೆಲ್ಲ ತುಂಬಿ ನಾನು ಬರೆದಿದ್ದ ಎರಡು ಪುಟದ ಮೊದಲ ಕರಡನ್ನು ಹೆಂಡತಿ ಓದಿ, "ಇದನ್ನು ಓದಿ ಅವರು ಅಳುತ್ತಾರೆ ಅಂದುಕೊಂಡಿರಾ?" ಎಂದು ಕೇಳಿದ್ದಳು. ಅದನ್ನು ಹರಿದು ಹಾಕಿ ನಾಲ್ಕು ಸಾಲು ಬರೆದೆ.

ಪತ್ರ ಕೊಡುವ ಮೊದಲು ಬಾಂಡ್ ಇದೆಯೇ ಎಂದು ನೋಡಿ. ಇಂತಿಷ್ಟು ವರ್ಷ ದುಡಿಯಬೇಕು, ಇಲ್ಲವಾದರೆ ಇಂತಿಷ್ಟು ಕಟ್ಟಬೇಕು ಎಂಬ ಷರತ್ತಿಗೆ ಬೆಲೆಯಿಲ್ಲ ಎಂದು ಹಲವರು ಧೈರ್ಯ ಹೇಳುತ್ತಾರೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ ತೀರ್ಪು ಕೊಟ್ಟಿತು. ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ಷರತ್ತನ್ನು ಅದು ಎತ್ತಿಹಿಡಿಯಿತು. ಬಿಟ್ಟ ಮೇಲೆ ಇದೇ ವ್ಯವಹಾರದ ಬೇರೆ ಕಂಪನಿ ಸೇರಬಾರದು ಎಂಬ ನಿರ್ಬಂಧದ ಮಾತು ಬೇರೆ. ಅಂಥ ಷರತ್ತು 1872ರ ಕರಾರು ಕಾಯ್ದೆಯ 27ನೆಯ ಕಲಮಿನ ಎದುರು ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಮನಸ್ಸು ಬದಲಾದರೆ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ, ಕೇಳಲು ಮಾತ್ರ ನಾಚಿಕೆ. ರಾಜೀನಾಮೆ ಸ್ವೀಕಾರವಾಗಿ ಜಾರಿಗೆ ಬರುವ ಮೊದಲು ಅದನ್ನು ಹಿಂಪಡೆಯಬಹುದು ಎಂಬುದು ಕೋರ್ಟುಗಳ ಸಾಮಾನ್ಯ ನಿಲುವು. ಕೊಂಕಣ ರೈಲ್ವೆಯ ನೌಕರರೊಬ್ಬರ ಮೊಕದ್ದಮೆಯಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹಿಂಪಡೆದವರ ಪರವಾಗಿಯೇ ತೀರ್ಪಿತ್ತಿತು. ಹಾಗೆಂದು ಹಿಂಪಡೆದು ಅದೇ ಕುರ್ಚಿಯಲ್ಲಿ ಕೂರುವುದು ಖಾಸಗಿ ಕಂಪನಿಯಲ್ಲಿ ಸುಖವಾಗಿರುತ್ತದೆ ಎಂದು ನಾನು ಹೇಳಲಾರೆ.

ಕೊನೆಯ ದಿನ ಮತ್ತು ಬಾಕಿ

ಒಪ್ಪಿಸಿದ ಪ್ರತಿ ವಸ್ತುವಿಗೂ ರಸೀದಿ ಪಡೆಯಿರಿ. ನನ್ನ ಕಂಪನಿ ಕೆಲಸದಿಂದ ಬಿಡುಗಡೆ ಮಾಡಿದ ರಿಲೀವಿಂಗ್ ಪತ್ರವನ್ನೂ ಅಂತಿಮ ಲೆಕ್ಕವನ್ನೂ ನಾಲ್ಕು ತಿಂಗಳು ತಡೆಹಿಡಿಯಿತು. ಕಾರಣವೇನೆಂದರೆ, ಲ್ಯಾಪ್‌ಟಾಪ್ ಬಂದಿದೆ, ಚಾರ್ಜರ್ ಬಂದಿಲ್ಲ. ಎರಡನ್ನೂ ಒಂದೇ ಚೀಲದಲ್ಲಿ ಇಟ್ಟು ಕೊಟ್ಟಿದ್ದೆ. ಪಡೆದವರು ಸಹಿ ಹಾಕಿದ ಚೀಟಿಯಲ್ಲಿ "ಲ್ಯಾಪ್‌ಟಾಪ್ ಒಂದು" ಎಂದಷ್ಟೇ ಇತ್ತು, ಆ ವ್ಯಕ್ತಿಯೂ ಅಷ್ಟರಲ್ಲಿ ಕೆಲಸ ಬಿಟ್ಟಾಗಿತ್ತು. ಎಂಟುನೂರು ರೂಪಾಯಿಯ ಆ ವಸ್ತುವಿಗಾಗಿ ನಾನು ಹನ್ನೊಂದು ಇಮೇಲ್ ಬರೆದು, ಕಡೆಗೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹೊಸ ಚಾರ್ಜರ್ ಕೊಂಡು ತಂದುಕೊಟ್ಟೆ. ಚಾರ್ಜರ್, ಗುರುತಿನ ಚೀಟಿ, ಸಿಮ್, ಕಪಾಟಿನ ಬೀಗದ ಕೈ, ಎಲ್ಲವೂ ಹೆಸರು ಹಿಡಿದು ರಸೀದಿಯಲ್ಲಿರಲಿ.

ಈಗ ಕಾನೂನು ನೌಕರರ ಕಡೆ ಸ್ವಲ್ಪ ವಾಲಿದೆ. ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು, ಗ್ರಾಚ್ಯುಟಿಗೆ 30 ದಿನದ ಗಡುವು ಇದೆ. ಹಾಗಿದ್ದರೂ, ಮೇಲಿನ ಲೆಕ್ಕದ ಹಾಳೆಯಲ್ಲಿ ಈ ಹಣವನ್ನು ನಾನು ಇಂದಿಗೂ ಸೇರಿಸುವುದಿಲ್ಲ. ತಡವಾದರೆ ಮೊದಲು ಎಚ್‌ಆರ್‌ಗೆ ತಾರೀಖುಗಳನ್ನು ನಮೂದಿಸಿದ ಇಮೇಲ್ ಕಳಿಸಿ. ಅದಕ್ಕೂ ಬಗ್ಗದಿದ್ದರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ಕಾಮಗಾರ ಭವನದಲ್ಲಿರುವ ಕಾರ್ಮಿಕ ಇಲಾಖೆಯ ಮೆಟ್ಟಿಲು ಇದೆ. ಅಂತಿಮ ಲೆಕ್ಕದ ಹಾಳೆಯಲ್ಲಿ ಉಳಿದ ರಜೆಗಳ ಸಂಖ್ಯೆ ಮತ್ತು ನೋಟಿಸ್ ಕಡಿತ ಇವೆರಡನ್ನು ಮಾತ್ರ ನೀವೇ ಕೈಯಾರೆ ಲೆಕ್ಕ ಹಾಕಿ ತಾಳೆ ನೋಡಿ. ತಪ್ಪು ಬೀಳುವುದು ಅಲ್ಲಿಯೇ.

ವರ್ಷದ ನಡುವೆ ಬಿಡುವವರಿಗೆ ತೆರಿಗೆಯಲ್ಲಿ ಒಂದು ಸಣ್ಣ ಸಮಾಧಾನ ಇದೆ. ತಿಂಗಳಿಗೆ 1.5 ಲಕ್ಷ ಸಂಬಳದವರಿಗೆ ವರ್ಷಕ್ಕೆ 18 ಲಕ್ಷ ಎಂದು ಎಣಿಸಿ ಏಪ್ರಿಲ್‌ನಿಂದಲೇ ತೆರಿಗೆ ಮುರಿಯುತ್ತಾರೆ. ಅವರು ಸೆಪ್ಟೆಂಬರ್ ಕೊನೆಗೆ ಬಿಟ್ಟು, ಆ ವರ್ಷ ಬೇರೆ ಆದಾಯ ಬರದಿದ್ದರೆ, ಒಟ್ಟು ಸಂಬಳ 9 ಲಕ್ಷ ಮಾತ್ರ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಮುರಿದ ತೆರಿಗೆ ರಿಟರ್ನ್ಸ್ ಸಲ್ಲಿಸಿದ ಮೇಲೆ ವಾಪಸು ಬರುತ್ತದೆ. ಆದಾಯವೇ ನಿಂತಿತು, ಇನ್ನೇನು ರಿಟರ್ನ್ಸ್ ಎಂದು ಬಿಟ್ಟವರು ತಮ್ಮದೇ ಹಣವನ್ನು ಬಿಟ್ಟಂತೆ.

ಪಿಎಫ್ ಮುಟ್ಟುವ ಮೊದಲು

ಪಿಎಫ್ ತೆಗೆಯಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಹಿಂದೆ ಎರಡು ತಿಂಗಳು ಕೆಲಸವಿಲ್ಲದಿದ್ದರೆ ಪೂರ್ತಿ ತೆಗೆಯಬಹುದಿತ್ತು. 2025ರ ಅಕ್ಟೋಬರ್‌ನಲ್ಲಿ ಪಿಎಫ್ ನೋಡಿಕೊಳ್ಳುವ ಸಂಸ್ಥೆ ಇಪಿಎಫ್‌ಒದ ಕೇಂದ್ರೀಯ ಟ್ರಸ್ಟಿಗಳ ಮಂಡಳಿ ಶೇ. 75ನ್ನು ಕೂಡಲೇ, ಉಳಿದ ಶೇ. 25ನ್ನು ಹನ್ನೆರಡು ತಿಂಗಳ ನಂತರ ತೆಗೆಯುವಂತೆ ತೀರ್ಮಾನಿಸಿತು. ತೆಗೆಯಲು ಬರುತ್ತದೆ ಎಂಬುದು ತೆಗೆಯಲು ಕಾರಣವಲ್ಲ. ಐದು ವರ್ಷದ ಸತತ ಸೇವೆಗೆ ಮೊದಲು ತೆಗೆದರೆ ಅದಕ್ಕೆ ತೆರಿಗೆ ಬೀಳುತ್ತದೆ, ಮತ್ತು ಸುಮ್ಮನೆ ಬಿಟ್ಟ ಖಾತೆಗೂ ಬಡ್ಡಿ ಬರುತ್ತಲೇ ಇರುತ್ತದೆ. 2024-25ಕ್ಕೆ ಅದು ಶೇ. 8.25 ಇತ್ತು. ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಇದೆ ಎಂಬುದನ್ನು ಮಾತ್ರ ನೆನಪಿಡಿ.

ಪಿಎಫ್ ಜೊತೆಗೇ ಸೇರಿರುವ ಪಿಂಚಣಿಯ ಭಾಗದ ಬಗ್ಗೆ ಇನ್ನೂ ಎಚ್ಚರ ಬೇಕು. ಒಟ್ಟು ಹತ್ತು ವರ್ಷದ ಸೇವೆ ತುಂಬಿದರೆ 58ಕ್ಕೆ ಪಿಂಚಣಿಯ ಅರ್ಹತೆ ಬರುತ್ತದೆ. ಎಂಟೊಂಬತ್ತು ವರ್ಷ ದುಡಿದವರು ಅವಸರಕ್ಕೆ ಆ ಹಣವನ್ನು ಹಿಂಪಡೆದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಅದರ ಬದಲು, ದುಡಿದ ವರ್ಷಗಳ ಎಣಿಕೆಯನ್ನು ಉಳಿಸುವ ಸ್ಕೀಮ್ ಸರ್ಟಿಫಿಕೇಟ್ ಪಡೆದಿಟ್ಟುಕೊಳ್ಳಬಹುದು. ಕಂಪನಿಯವರು ನಿಮ್ಮ ನಿರ್ಗಮನದ ತಾರೀಖನ್ನು ಪೋರ್ಟಲ್‌ನಲ್ಲಿ ದಾಖಲಿಸದೆ ಬಿಟ್ಟರೆ, ಕೊನೆಯ ವಂತಿಗೆಯ ಎರಡು ತಿಂಗಳ ನಂತರ ನೀವೇ ಅದನ್ನು ದಾಖಲಿಸಲು ಅವಕಾಶ ಇದೆ.

ಕ್ಯಾಲೆಂಡರಿನ ಮೇಲೆ ಮೂರು ತಾರೀಖು

ಕೊನೆಯ ದಿನಕ್ಕೆ ಮುಂಚೆಯೇ ನಮ್ಮ ಅಡುಗೆಮನೆಯ ಗೋಡೆಯ ಕಾಲನಿರ್ಣಯದಲ್ಲಿ ಮೂರು ತಾರೀಖುಗಳಿಗೆ ಕೆಂಪು ಶಾಯಿಯ ಸುತ್ತು ಹಾಕಿದೆವು. ಈ ಲೇಖನದಲ್ಲಿ ಒಂದನ್ನು ಮಾತ್ರ ಪಾಲಿಸುತ್ತೇನೆ ಎನ್ನುವವರು ಇದನ್ನೇ ಪಾಲಿಸಲಿ.

ಲೆಕ್ಕ ಹಣ ಮುಗಿಯುವ ದಿನದಿಂದ ಹಿಂದಕ್ಕೆ ಬರಬೇಕು. ಜುಲೈ 31 ನನ್ನ ಕೊನೆಯ ದಿನ, ಹಣ ಆರೂವರೆ ತಿಂಗಳಿಗೆ ಇತ್ತು, ಅಂದರೆ ಫೆಬ್ರವರಿ ಮಧ್ಯಕ್ಕೆ ಮುಗಿಯುತ್ತದೆ. ಆದರೆ ಸೇರಿದ ದಿನವೇ ಯಾರೂ ಸಂಬಳ ಕೊಡುವುದಿಲ್ಲ, ಮೊದಲ ಸಂಬಳ ತಿಂಗಳು ಕಳೆದ ಮೇಲೆ ಬರುತ್ತದೆ. ಆದ್ದರಿಂದ ಜನವರಿ 1ಕ್ಕೆ ಎಲ್ಲಾದರೂ ಸೇರಿರಲೇಬೇಕು. ಹಾಗಾಗಬೇಕಾದರೆ ಡಿಸೆಂಬರ್ ಮೊದಲ ವಾರದೊಳಗೆ ಕೈಯಲ್ಲಿ ಆಫರ್ ಇರಬೇಕು. ಸಂದರ್ಶನಗಳ ಸುತ್ತು, ಮೌನ, ಮತ್ತೆ ಸುತ್ತು ಎಲ್ಲ ಸೇರಿ ಎರಡು ತಿಂಗಳು ಹಿಡಿಯುವುದರಿಂದ ಹುಡುಕಾಟ ಅಕ್ಟೋಬರ್ ಮೊದಲ ವಾರಕ್ಕೆ ಶುರುವಾಗಬೇಕು. ಆರೂವರೆ ತಿಂಗಳು ಎಂದು ಕಂಡದ್ದು ನಿಜದಲ್ಲಿ ಎರಡು ತಿಂಗಳ ಬಿಡುವು. ಪತ್ರ ಕೊಡುವ ಮೊದಲು ಇದನ್ನು ಕಾಗದದ ಮೇಲೆ ಕಾಣುವುದಕ್ಕೂ ನವೆಂಬರ್‌ನಲ್ಲಿ ಬ್ಯಾಂಕ್ ಖಾತೆ ನೋಡಿ ಬೆಚ್ಚುವುದಕ್ಕೂ ಬಹಳ ವ್ಯತ್ಯಾಸ ಇದೆ.

ಮೂರು ಸುತ್ತುಗಳ ಅರ್ಥ ಹೀಗಿತ್ತು. ಅಕ್ಟೋಬರ್ 3, ಅಲ್ಲಿಯವರೆಗೆ ಕೆಲಸದ ಮಾತಿಲ್ಲ. ಡಿಸೆಂಬರ್ 5, ಅಲ್ಲಿಯವರೆಗೆ ಬೇಕಾದದ್ದನ್ನು ಮಾತ್ರ ಹುಡುಕುವುದು. ಅದು ದಾಟಿದರೆ ಮರ್ಯಾದೆಯ ಯಾವ ಕೆಲಸವಾದರೂ ಸರಿ, ಸಂಬಳ ಕಡಿಮೆಯಾದರೂ ಸರಿ. ಮೂರನೆಯದು ಫೆಬ್ರವರಿ 15, ಆ ಸುತ್ತಿನ ಪಕ್ಕದಲ್ಲಿ ಏನನ್ನೂ ಬರೆಯಲಿಲ್ಲ. ಎರಡನೆಯ ತಾರೀಖಿನ ಮಾತನ್ನು ಮನೆಯವರ ಎದುರು ಒಪ್ಪಿಕೊಂಡಿದ್ದರಿಂದ, ಮೊದಲ ಎರಡು ತಿಂಗಳು ಅವರು ನನ್ನನ್ನು ಏನೂ ಕೇಳಲಿಲ್ಲ.

ಕೇಳುವವರಿಗೆ ಉತ್ತರ

ಮುಂಬೈ ಕನ್ನಡಿಗರ ನಡುವೆ ಸುದ್ದಿ ವಿರಾರ್ ಫಾಸ್ಟ್‌ಗಿಂತ ಬೇಗ ಓಡುತ್ತದೆ. ಕುರ್ಲಾದ ಬಂಟರ ಭವನದಲ್ಲೋ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲೋ ಕಾರ್ಯಕ್ರಮಕ್ಕೆ ಹೋದರೆ, ಕೈಯಲ್ಲಿ ಕಾಫಿ ಲೋಟ ಬರುವ ಮೊದಲೇ "ಈಗ ಎಲ್ಲಿ?" ಎಂಬ ಪ್ರಶ್ನೆ ಬರುತ್ತದೆ. ಮುಖ ತಪ್ಪಿಸಿಕೊಳ್ಳುವುದು ತಪ್ಪು ದಾರಿ. "ಜುಲೈಗೆ ಬಿಟ್ಟೆ, ಅಕ್ಟೋಬರ್‌ನಿಂದ ಹುಡುಕುತ್ತೇನೆ, ಲೆಕ್ಕಪರಿಶೋಧನೆಯ ಕೆಲಸ ಗೊತ್ತಿದೆ, ಎಲ್ಲಾದರೂ ಇದ್ದರೆ ಹೇಳಿ" ಎಂಬ ಒಂದೇ ವಾಕ್ಯವನ್ನು ಎಲ್ಲರಿಗೂ ಹೇಳುತ್ತಾ ಹೋದೆ. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ ರಾತ್ರಿಶಾಲೆಯಲ್ಲಿ ಓದಿ ಗುಮಾಸ್ತರಾದ ನಮ್ಮ ಹಿಂದಿನ ತಲೆಮಾರಿನವರಿಗೆ ಈ ಊರಿನಲ್ಲಿ ಕೆಲಸ ಸಿಕ್ಕಿದ್ದೂ ಹೆಚ್ಚಾಗಿ ಹೀಗೆ ಬಾಯಿಂದ ಬಾಯಿಗೆ ಹೋದ ಮಾತಿನಿಂದಲೇ. ನನಗೂ ಕೊನೆಗೆ ಕೆಲಸ ಬಂದದ್ದು ಹಾಗೇ ಹೇಳಿದ ಮಾತೊಂದರಿಂದ, ಡಿಸೆಂಬರ್ 5ಕ್ಕೆ ಮೂರು ದಿನ ಮೊದಲು.

ಊರಿನಲ್ಲಿರುವ ತಂದೆ ತಾಯಿಗೆ ಹೇಳುವಾಗ ಮೊದಲು ಹಣದ ಮಾತು ಬರಲಿ: ಪ್ರತಿ ತಿಂಗಳು ಕಳಿಸುವುದು ಇಂಥ ತಿಂಗಳವರೆಗೆ ನಿಲ್ಲುವುದಿಲ್ಲ. ಉಳಿದದ್ದನ್ನು ಅವರು ಹೇಗೂ ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

ದಿನಗಳನ್ನು ಕಳೆಯುವ ಬಗ್ಗೆ ಉಪದೇಶ ಮಾಡುವಷ್ಟು ನಾನು ಜಾಣನಲ್ಲ. ಮೊದಲ ಸೋಮವಾರ ಬೆಳಿಗ್ಗೆ ಐದೂಕಾಲಿಗೆ ತಾನಾಗಿ ಎಚ್ಚರವಾಗಿ, ಡಬ್ಬಿ ಕಟ್ಟುವ ಸದ್ದಿಲ್ಲದ ಅಡುಗೆಮನೆಯಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ. ಜೇಬಿನಲ್ಲಿದ್ದ ತ್ರೈಮಾಸಿಕ ಪಾಸಿಗೆ ಇನ್ನೂ ಐದು ವಾರ ಬಾಕಿಯಿತ್ತು. ಹತ್ತೂವರೆಯ ಖಾಲಿ ಗಾಡಿಯಲ್ಲಿ ಕಿಟಕಿಯ ಪಕ್ಕ ಕುಳಿತು ಸಿಎಸ್‌ಎಂಟಿಯವರೆಗೆ ಹೋಗಿ, ಕಾಲಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯದಲ್ಲಿ ಮಧ್ಯಾಹ್ನದವರೆಗೆ ಓದಿ ಬರುವುದನ್ನು ರೂಢಿ ಮಾಡಿಕೊಂಡೆ. ಮನೆಯಿಂದ ಹೊರಗೆ ಹೋಗುವ ಒಂದು ಹೊತ್ತು, ಹೋಗಿ ಕೂರುವ ಒಂದು ಜಾಗ, ಇಷ್ಟನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಹೊಸ ಕೆಲಸ ಸಿಕ್ಕ ಮೇಲೆ

ಸಂದರ್ಶನದಲ್ಲಿ ಈ ಅಂತರವನ್ನು ಮುಚ್ಚಿಡುವ ಪ್ರಯತ್ನ ಬೇಡ. ಹಿನ್ನೆಲೆ ಪರಿಶೀಲನೆಯವರು ಯುಎಎನ್‌ನ ಸೇವಾ ದಾಖಲೆ ನೋಡಿದರೆ ಸೇರಿದ, ಬಿಟ್ಟ ತಾರೀಖುಗಳೆಲ್ಲ ಅದರಲ್ಲೇ ಇರುತ್ತವೆ. "ಸ್ವಂತ ಇಚ್ಛೆಯಿಂದ ಬಿಟ್ಟು ನಾಲ್ಕು ತಿಂಗಳು ಬಿಡುವು ಪಡೆದೆ" ಎಂದು ಹೇಳಿ, ಮುಂದಿನ ಪ್ರಶ್ನೆಗೆ ಕಾಯಿರಿ. ಸೇರಿದ ಮೊದಲ ವಾರದಲ್ಲೇ ಅದೇ ಆರ್ಥಿಕ ವರ್ಷದ ಹಳೆಯ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಬೇಕು. ಕೊಡದಿದ್ದರೆ ಎರಡೂ ಕಡೆ ರಿಯಾಯಿತಿ ಲೆಕ್ಕವಾಗಿ ರಿಟರ್ನ್ಸ್ ಹೊತ್ತಿಗೆ ದೊಡ್ಡ ಮೊತ್ತದ ತೆರಿಗೆ ಒಟ್ಟಿಗೇ ಕಟ್ಟಬೇಕಾಗುತ್ತದೆ. ಹಳೆಯ ಪಿಎಫ್ ಹೊಸ ಖಾತೆಗೆ ಬಂದಿದೆಯೇ ಎಂದು ಮೂರು ತಿಂಗಳ ನಂತರ ಪಾಸ್‌ಬುಕ್‌ನಲ್ಲಿ ನೋಡಿ.

ಹೊಸ ಕಂಪನಿಯ ಗುಂಪು ವಿಮೆ ಬಂತೆಂದು ಸ್ವಂತ ಪಾಲಿಸಿಯನ್ನು ನಿಲ್ಲಿಸಬೇಡಿ. ಡೆಂಗಿಯ ಹೊತ್ತಿಗೆ ನನಗೆ ಉಪಯೋಗಕ್ಕೆ ಬಾರದ ಆ ಪಾಲಿಸಿಯನ್ನು ಪ್ರತಿ ವರ್ಷ ಆಗಸ್ಟ್‌ನ ಎರಡನೆಯ ವಾರದಲ್ಲಿ ಇಂದಿಗೂ ನವೀಕರಿಸುತ್ತಿದ್ದೇನೆ.